ಅಮೃತವ್ವನಿಗೆ ಕೊರಳು ಕೊಡುವವರು

ಸೊರಟೂರಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಹೆಣದ ಮೂಗಿಗೆ ಹತ್ತಿ ಇಡುತ್ತಿದ್ದರು, ಆಮೇಲೆ ಅಮೃತವ್ವನ ಮನೆಗೆ ಆಳು ಕಳಿಸುತ್ತಿದ್ದರು. ಸ್ವಾಮಿಗಳಿಗೆ ಹೇಳುವುದು, ಭಜನೆಯವರಿಗೆ ಹೇಳುವುದು, ಕುಣಿ ತೋಡಲು ಜನ ಹುಡುಕುವುದು ಎಲ್ಲ ಅದರ ನಂತರ. ಅವಳು ಬಂದು ಹೊಸ್ತಿಲು ದಾಟುವ ತನಕ ಆ ಮನೆಯ ಹೆಂಗಸರು ಗೋಡೆಗೆ ಆನಿಕೊಂಡು ಕಲ್ಲಿನಂತೆ ಕುಳಿತಿರುತ್ತಿದ್ದರು.

ಇಲ್ಲಿಯ ರೀತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸತ್ತವರ ಮನೆಯವರು ತಾವಾಗಿ ಅಳು ತೆಗೆಯುವಂತಿಲ್ಲ. ಹೊರಗಿನಿಂದ ಒಬ್ಬಳು ಬರಬೇಕು, ಬಂದು ಕೊರಳು ಕೊಡಬೇಕು. ಮನೆಯವಳು ಆ ಕೊರಳಿಗೆ ಬಿದ್ದ ಮೇಲೆ ಇಬ್ಬರೂ ಹಾಡಾಡಿ ಅಳುತ್ತಾರೆ. ಅದು ಕಲಿತ ಹಾಡಲ್ಲ. ಸತ್ತವನು ಏನು ಉಣ್ಣುತ್ತಿದ್ದ, ಎತ್ತಿಗೆ ಏನು ಹೆಸರಿಟ್ಟಿದ್ದ, ಯಾರ ಮೇಲೆ ಮುನಿಸಿಕೊಂಡಿದ್ದ, ಎಲ್ಲ ಅದರಲ್ಲಿ ಬರುತ್ತದೆ. ಒಬ್ಬನ ಅಳು ಇನ್ನೊಬ್ಬನಿಗೆ ಹೊಂದುವುದಿಲ್ಲ. ಮುಗಿದ ಮೇಲೆ ಅದನ್ನು ಆ ಮನೆಯಲ್ಲೇ ಬಿಟ್ಟು ಬರಬೇಕು. ಅದಕ್ಕೇ ತಮ್ಮ ಮನೆಯ ಹೊಸ್ತಿಲು ತುಳಿಯುವ ಮೊದಲು ಕಾಲಿಗೆ ನೀರು ಹಾಕಿಕೊಳ್ಳುವುದು. ಇನ್ನೊಂದು ಮಾತು: ಜೀವ ಇದ್ದವರ ಮೇಲೆ ಅಳಬಾರದು. ಅತ್ತರೆ ಅವರ ಆಯುಷ್ಯ ಸವೆಯುತ್ತದೆ.

ಬೆಂಗಳೂರಿನ ಒಂದು ಪೇಪರಿನವರು ಅವಳನ್ನು ‘ಕೂಲಿಗೆ ಅಳುವ ಹೆಂಗಸು’ ಎಂದು ಬರೆದರು. ಬರೆದವನು ಸೊರಟೂರಿನ ಮಣ್ಣು ಮೆಟ್ಟಿದವನಲ್ಲ. ಅವಳು ಯಾವ ಸತ್ತ ಮನೆಯಲ್ಲೂ ಒಂದು ಕಪ್ ಚಹಾ ಕೂಡ ಕುಡಿದವಳಲ್ಲ. ಅದನ್ನು ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಮೃತವ್ವ ನನಗೆ ದೊಡ್ಡವ್ವ, ನನ್ನ ತಾಯಿಯ ಅಕ್ಕ. ತಾಯಿ ಈಗಿಲ್ಲ. ನಾನು ಸುಭಾಸ, ಗದಗಿಗೂ ಸೊರಟೂರಿಗೂ ಟಂಟಂ ಓಡಿಸುತ್ತೇನೆ.

ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ಗಂಡ ಈಶಪ್ಪ ಗದಗಿನ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು ದುಡಿದು ಆ ಯಂತ್ರಗಳ ಸಪ್ಪಳಕ್ಕೆ ಕಿವಿ ಕಳಕೊಂಡು ಊರಿಗೆ ಬಂದು ಕುಳಿತವನು. ಮನುಷ್ಯ ಬಹಳ ನಗೆಗಾರ. ಕಟ್ಟೆಯ ಮೇಲೆ ಕುಳಿತು ಹೆಂಡತಿಯನ್ನು ಕೆಣಕುವುದೇ ಅವನ ಕೆಲಸ.

“ನೀ ಬೈಯೂದು ಒಂದೂ ನನಗ ಕೇಳಸಂಗಿಲ್ಲ. ಆದ್ರ ನೀ ಅತ್ರ ಕೇಳಸ್ತೈತಿ ನೋಡು. ಅಗಸಿ ಕಡೆ ಕುಂತ್ರೂ ಕೇಳಸ್ತೈತಿ.”

“ನಿಮ್ಮ ಮ್ಯಾಲೆ ಅಳಾಕ ಇನ್ನಾ ಟೈಮ್ ಐತಿ. ಸುಮ್ನ ಉಣ್ರಿ.”

“ಊರಿಗೆಲ್ಲಾ ಅತ್ತಿ. ನಾ ಹೋದಾಗ ನನಗೊಬ್ಬಾಂವಗ ಕಡಿಮಿ ಮಾಡಬ್ಯಾಡ. ಮತ್ತೇನೂ ಬೇಡಂಗಿಲ್ಲ ನಿನ್ನ.”

ಎದುರು ಮನೆಯ ಹನಮಂತವ್ವ ಜೋಳ ಹಸನು ಮಾಡುತ್ತ ಅಲ್ಲಿಂದಲೇ ಕೂಗುತ್ತಿದ್ದಳು: “ಮಾವಾರ, ಹೋಗೂ ಮುಂದ ಒಂದ ಮಾತು ಹೇಳಿ ಹೋಗ್ರಿ. ನಾ ಬಂದು ಈಕಿಗೆ ಕೊಳ್ಳ ಕೊಡ್ತೀನಿ. ಒಬ್ಬಾಕಿನ ಎಷ್ಟಂತ ಅಳಬೇಕು, ಪಾಪ.”

ಈ ಹನಮಂತವ್ವ ದೊಡ್ಡವ್ವನ ಜೋಡಿ. ಸತ್ತ ಮನೆಗೆ ಇಬ್ಬರೂ ಕೂಡಿಯೇ ಹೋಗುವುದು. ಒಬ್ಬಳು ಮಾತು ಎತ್ತಿದರೆ ಇನ್ನೊಬ್ಬಳು ಅದನ್ನು ಹಿಡಿದು ಮುಂದಕ್ಕೆ ಒಯ್ಯುವಳು. ಹಾದಿಯಲ್ಲಿ ಬೈದಾಡಿಕೊಂಡು ಹೋಗುವರು, ಬರುವಾಗ ಒಬ್ಬರ ಕಾಲಿಗೆ ಒಬ್ಬರು ನೀರು ಹಾಕುವರು. ಅವಳಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಹಿರಿಯವನು ಗಾಳೆಪ್ಪ. ಅವನು ಹೆತ್ತವಳ ಮಡಿಲಲ್ಲಿ ಇದ್ದದ್ದಕ್ಕಿಂತ ದೊಡ್ಡವ್ವನ ಟೊಂಕದ ಮೇಲೆ ಇದ್ದದ್ದೇ ಹೆಚ್ಚು. ದೊಡ್ಡವನಾದ ಮೇಲೂ ಹೊಲದಿಂದ ಬಂದವನು ಮೊದಲು ಇವಳ ಅಡಿಗೆಮನೆಗೆ ನುಗ್ಗಿ ಬುಟ್ಟಿಯ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೇ ತನ್ನ ಮನೆಗೆ ಹೋಗುತ್ತಿದ್ದ.

ಆ ಗಾಳೆಪ್ಪ ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರ್ ಗದಗಿಗೆ ಒಯ್ಯುವಾಗ ಹಳ್ಳದ ತಿರುವಿನಲ್ಲಿ ಅದರ ಕೆಳಗೇ ಹೋದ. ಅವನು ಹೊಸ ಚರ್ಮದ ಕೆರ ಮಾಡಿಸಿಕೊಂಡಿದ್ದ. ಕಾಲು ಕಚ್ಚುತ್ತವೆಂದು ಆ ದಿನ ಹಳೆಯ ರಬ್ಬರಿನವನ್ನು ಮೆಟ್ಟಿಕೊಂಡು ಹೋಗಿದ್ದ. ಮೆತ್ತಗಾಗಲೆಂದು ಹನಮಂತವ್ವ ಹೊಸವಕ್ಕೆ ಎಣ್ಣೆ ಹಚ್ಚಿ ಹೊಸ್ತಿಲ ಪಕ್ಕ ಇಟ್ಟಿದ್ದಳು. ಹೆಣ ಒಳಗೆ ಬಂದಾಗ ಅವು ಅಲ್ಲೇ ಇದ್ದವು, ತೆಗೆಯುವ ಧೈರ್ಯ ಯಾರಿಗೂ ಆಗಲಿಲ್ಲ. ದೊಡ್ಡವ್ವ ಬಂದಳು, ಅವನ್ನು ನೋಡಿದಳು, ಹನಮಂತವ್ವನಿಗೆ ಕೊರಳು ಕೊಟ್ಟಳು:

“ಹೊಸಾ ಕೆರ ಇನ್ನಾ ಮೆತ್ತಗಾಗಿದ್ದಿಲ್ಲೋ ನನ ಕೂಸ,
ಎಣ್ಣಿ ಉಣಿಸಿ ಹೊಸ್ತಿಲಕ ಇಟ್ಟೇನೋ,
ಯಾವ ಕಾಲು ಅಂತ ಕೇಳ್ತಾವೋ, ಏನಂತ ಹೇಳ್ಲೋ.”

ಆ ದಿನ ಗಂಡಸರೂ ಹೊರಗೆ ಹೋಗಿ ನಿಂತರು. ಮೂರುಸಂಜೆಯಾದರೂ ಆ ಇಬ್ಬರನ್ನು ಬಿಡಿಸಲು ಆಗಲಿಲ್ಲ. ಅತ್ತು ಮುಗಿದ ಮೇಲೆ ಹನಮಂತವ್ವ ಒಂದು ಲೋಟ ನೀರು ಕುಡಿದಳು. ದೊಡ್ಡವ್ವ ಹಾಗೆ ಅಳಿಸದೆ ಹೋಗಿದ್ದರೆ ಅವಳೂ ಉಳಿಯುತ್ತಿರಲಿಲ್ಲ ಎಂದು ಊರೇ ಹೇಳಿತು.

ಸಿನೆಮಾದವರು ಬಂದದ್ದು ಇದಾಗಿ ಎರಡು ಮಳೆಗಾಲ ಕಳೆದ ಮೇಲೆ. ಸಿನೆಮಾದ ಹೆಸರು ನಾನು ಹೇಳುವುದಿಲ್ಲ, ಅವರಿಗೆ ಸಿಕ್ಕ ಹೆಸರು ಸಾಕು. ಕರೆತಂದವನು ಮಲ್ಲಸಮುದ್ರದ ಸೋಮೇಶ. ಗದಗಿನಲ್ಲಿ ಲಗ್ನದ ಫೋಟೊ, ವಿಡಿಯೊ ತೆಗೆಯುವ ಹುಡುಗ. ಅವನ ಅಜ್ಜಿಯ ಮಣ್ಣಿಗೆ ದೊಡ್ಡವ್ವ ಹೋಗಿದ್ದಳು, ಅಲ್ಲಿ ಕೇಳಿದ್ದನ್ನು ಆ ಡೈರೆಕ್ಟರನ ಕಿವಿಗೆ ಹಾಕಿದ್ದ. ಡೈರೆಕ್ಟರ್ ಗಡ್ಡ ಬಿಟ್ಟವನು, ಮೆತ್ತಗೆ ಮಾತಾಡುವವನು. ನೆಲದ ಮೇಲೇ ಕುಳಿತ. ಹರೆಯದ ಮಗನನ್ನು ಕಳಕೊಂಡ ತಾಯಿಯ ಪಾತ್ರ, ನೀವೇ ಮಾಡಬೇಕು ಎಂದ.

ಈಶಪ್ಪ ದೊಡ್ಡಪ್ಪನಿಗೆ ಕೈ ಸನ್ನೆ ಮಾಡಿ ತಿಳಿಸಿದೆವು. ಅವನು ಬಾಯಿ ತುಂಬ ನಕ್ಕ: “ನನಗ ಅಂತ ಕಾಯ್ದಿಟ್ಟಿದ್ದು ಸಿನೆಮಾದಾಗ ಖರ್ಚ ಮಾಡಬ್ಯಾಡ ಮತ್ತ.”

ದೊಡ್ಡವ್ವ ಒಲ್ಲೆ ಎನ್ನುತ್ತಲೇ ಇದ್ದಳು. ಸೋಮೇಶ ಕೈ ಮುಗಿದ, ಅವನ ಅಜ್ಜಿಯನ್ನು ನೆನೆಸಿದ. ಕೊನೆಗೆ ಹ್ಞೂಂ ಅಂದಳು. ಹನಮಂತವ್ವನನ್ನು ಕೇಳಿಯೇ ಹೋಗುತ್ತಿದ್ದಳೇನೋ, ಆದರೆ ಅವಳು ಆಗ ಮಗಳು ನೀಲಾಳ ಬಾಣಂತನಕ್ಕೆ ಲಕ್ಷ್ಮೇಶ್ವರಕ್ಕೆ ಹೋಗಿದ್ದಳು.

ಶೂಟಿಂಗ್ ನಡೆದದ್ದು ಶಿರಹಟ್ಟಿ ಕಡೆಯ ಒಂದು ಹಳೆಯ ವಾಡೆಯಲ್ಲಿ. ಸೊರಟೂರಿನಿಂದ ಅಲ್ಲಿಗೆ ಬಂದವರು ನಾವಿಬ್ಬರೇ. ಸುತ್ತ ಅಳಲು ಕುಳಿತ ಹೆಂಗಸರೆಲ್ಲ ಬಸ್ಸಿನಲ್ಲಿ ಕರೆತಂದವರು. ಚಟ್ಟದ ಮೇಲೆ ಒಬ್ಬ ಹುಡುಗ ಮಲಗಿದ್ದ, ಹಣೆಗೆ ವಿಭೂತಿ, ಮೂಗಿಗೆ ಹತ್ತಿ. ದೊಡ್ಡವ್ವ ಹತ್ತಿರ ಹೋದೊಡನೆ ಅವನು ಕಣ್ಣು ತೆರೆದು ನಮಸ್ಕಾರ ಮಾಡಿದ.

“ನಿಮ್ಮವ್ವ ಅದಾಳೇನಪ್ಪ?”

“ಇದ್ದಾರಮ್ಮ, ಮೈಸೂರಲ್ಲಿ. ಈಗಷ್ಟೇ ಫೋನ್ ಮಾಡಿದ್ರು, ಊಟ ಆಯ್ತಾ ಅಂತ.”

ಅವಳು ಸೆರಗು ಕಟ್ಟಿಕೊಂಡು ಎದ್ದು ನಿಂತಳು. “ನಾ ಒಲ್ಲೆ. ಜೀವ ಇರೂ ಹುಡುಗನ ಮ್ಯಾಲೆ ಅಳು ಹಾಕಾಕ ನನ್ನ ಕೈಲಿ ಆಗಂಗಿಲ್ಲ. ಆ ತಾಯಿ ಊಟ ಆತೇನು ಅಂತ ಕೇಳ್ಯಾಳ.”

ಡೈರೆಕ್ಟರ್ ತಿಳಿಸಿ ಹೇಳಿದ, ಇದು ನಟನೆ ಎಂದ. ಕಣ್ಣಿಗೆ ಹಾಕುವ ಔಷಧ ತಂದರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅವರಲ್ಲೊಬ್ಬ ಚಡ್ಡಿ ಹಾಕಿಕೊಂಡವನು ನನಗೆ ಹೊರಗೆ ಹೋಗು ಅಂದ. ನಾನೂ ನಾಲ್ಕು ಮಾತು ಅಂದೇ ಹೊರಗೆ ಬಂದೆ, ಹಿಂದೆ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಸಪ್ಪಳವಿಲ್ಲ. ಆಮೇಲೆ ದಪ್ಪ ಗೋಡೆಯ ಆಚೆಯಿಂದ ದೊಡ್ಡವ್ವನ ದನಿ ಬಂತು. ಮಾತು ತಿಳಿಯಲಿಲ್ಲ, ದನಿ ಅಷ್ಟೇ. ವಾಡೆಯ ಎದುರಿನ ಬೇವಿನ ಗಿಡದಲ್ಲಿದ್ದ ಕಾಗೆಗಳು ಎದ್ದು ಹೋದವು. ಬಾಗಿಲು ತೆರೆದಾಗ ಡೈರೆಕ್ಟರ್ ಅವಳ ಕಾಲು ಹಿಡಿದುಕೊಂಡಿದ್ದ. ಅವಳು ಒಳಗಿನ ಹುಡುಗನ ತಲೆಯ ಮೇಲೆ ಕೈ ಇಟ್ಟು, “ಎದ್ದು ಜಳಕಾ ಮಾಡಪ್ಪ, ಮೊದ್ಲ ಎದ್ದು ಜಳಕಾ ಮಾಡು,” ಅನ್ನುತ್ತಿದ್ದಳು.

ಹೇಗೆ ಒಪ್ಪಿದಳು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಆ ಸಿನೆಮಾ ಎಲ್ಲೆಲ್ಲೋ ಹೊರದೇಶಕ್ಕೆಲ್ಲ ಹೋಯಿತಂತೆ. ಗದಗಿನ ಟಾಕೀಸಿಗೆ ಮಾತ್ರ ಬರಲಿಲ್ಲ. ನಾವು ಮರೆತೂ ಬಿಟ್ಟಿದ್ದೆವು. ಒಂದು ದಿನ ಸೋಮೇಶ ಮೋಟರ್ ಸೈಕಲ್ ಮೇಲೆ ಧೂಳೆಬ್ಬಿಸಿಕೊಂಡು ಬಂದ. ಬೆಂಗಳೂರಿನಲ್ಲಿ ವರ್ಷಾವರ್ಷ ದೊಡ್ಡ ಸಮಾರಂಭ ಮಾಡಿ ಸಿನೆಮಾದವರಿಗೆ ಪ್ರಶಸ್ತಿ ಕೊಡುತ್ತಾರೆ. ಅದರಲ್ಲಿ ಒಳ್ಳೆಯ ಪೋಷಕ ನಟಿ ಯಾರು ಎಂದು ಐದು ಮಂದಿಯನ್ನು ಆರಿಸಿದ್ದಾರೆ, ಐದರಲ್ಲಿ ನಮ್ಮ ಅಮೃತವ್ವನೂ ಒಬ್ಬಳು.

“ಅಂದ್ರ ಗೆದ್ದಾಳೇನು?” ಎಂದ ದೊಡ್ಡಪ್ಪ, ಸೋಮೇಶನ ಕೈ ಸನ್ನೆ ನೋಡುತ್ತ.

“ಇನ್ನಾ ಇಲ್ರಿ. ಆರಿಸ್ಯಾರಷ್ಟ. ಗೆಲ್ಲಾಕಿ ಒಬ್ಬಾಕಿನ.”

“ಉಳದ ನಾಕ ಮಂದಿ ಏನ ಮಾಡಬೇಕು?”

“ಚಪ್ಪಾಳಿ ಬಡೀಬೇಕ್ರಿ.”

“ಚಪ್ಪಾಳಿ ಬಡ್ಯಾಕ ಬೆಂಗಳೂರತನಾ ಹೋಗಬೇಕಾ?” ದೊಡ್ಡಪ್ಪ ಇದನ್ನು ಕಟ್ಟೆಯ ಮೇಲೆ ಬಂದವರಿಗೆಲ್ಲ ಹೇಳಿ ನಕ್ಕ.

ಊರ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಹಾಕಿದರು, ನಮ್ಮೂರ ಹೆಮ್ಮೆ ಎಂದು. ಸಿನೆಮಾದ ಫೋಟೊ ತೆಗೆದುಕೊಂಡಿದ್ದರು: ದೊಡ್ಡವ್ವ ತಲೆ ಕೆದರಿಕೊಂಡು ಬಾಯಿ ತೆರೆದು ಅಳುವ ಮುಖ, ಆನೆಯಷ್ಟು ದೊಡ್ಡದು. ಒಳ್ಳೆಯ ಕೆಲಸಕ್ಕೆ ಹೊರಟವರು ಬಸ್ಸು ಹತ್ತುವಾಗ ಎದುರಿಗೆ ಅಳುವ ಮುಖ. ಹೆಣ್ಣು ನೋಡಲು ಹೊರಟವರೊಬ್ಬರು ಅದಕ್ಕೆ ಬೆನ್ನು ಮಾಡಿ, ಹಿಂದು ಹಿಂದಕ್ಕೆ ನಡೆದು ಬಸ್ಸು ಹತ್ತಿದ್ದನ್ನು ನಾನೇ ನೋಡಿದ್ದೇನೆ. ಆದರೂ ಯಾರೂ ಬ್ಯಾನರ್ ಮುಟ್ಟಲಿಲ್ಲ. ಊರಿನದೆಂಬ ಅಭಿಮಾನ.

ಎಲ್ಲರಿಗಿಂತ ಹೆಚ್ಚು ಕುಣಿದವಳು ಹನಮಂತವ್ವ. ಹೊರಡುವ ದಿನ ಬಂದು ದೊಡ್ಡವ್ವನ ತಲೆಗೆ ಎಣ್ಣೆ ಹಚ್ಚಿ ಬಾಚಿ ತುರುಬು ಕಟ್ಟಿದಳು. ತನ್ನ ಲಗ್ನದ ಇಳಕಲ್ಲ ಸೀರೆಯನ್ನು ಸಂದೂಕಿನಿಂದ ತೆಗೆದು ತಂದಳು. ಅದನ್ನು ಅವಳು ಗಾಳೆಪ್ಪನ ಹೆಂಡತಿಗೆಂದು ಇಟ್ಟುಕೊಂಡಿದ್ದಳು. ಆ ಹೆಂಡತಿ ಬರಲೇ ಇಲ್ಲವಲ್ಲ.

“ಉಟಗೊಂಡು ಹೋಗು. ಅಲ್ಲಿ ಎಲ್ಲಾರೂ ಅರ್ಧಾ ಮೈ ಬಿಟಗೊಂಡು ಬಂದಿರತಾರ, ನೀನರ ಒಬ್ಬಾಕಿ ಸೀರಿ ಉಟ್ಟಿರು.”

“ಹನಮಂತಿ, ನಿನಗೊಂದು ಮಾತು...”

“ಮಾತು ಬಂದ ಮ್ಯಾಲೆ. ಗಾಡಿ ತಪ್ಪತೈತಿ, ನಡಿ.”

ಗದಗ ಸ್ಟೇಷನ್ನಿನಲ್ಲಿ ಗಾಡಿ ಹತ್ತಿ ಕುಳಿತ ಮೇಲೆ ದೊಡ್ಡವ್ವ ಆ ಸೀರೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತಲೇ ಇದ್ದಳು. ಅಣ್ಣಿಗೇರಿ ದಾಟಿರಬೇಕು, ಆಗ ಹೇಳಿದಳು.

“ತಮ್ಮಾ, ಆವತ್ತ ನಾ ಆ ಹುಡುಗನ ಮ್ಯಾಲೆ ಅಳಲಿಲ್ಲ.”

“ಮತ್ತ ಯಾರ ಮ್ಯಾಲೆ ಅತ್ತಿ?”

“ಗಾಳೆಪ್ಪನ ಮ್ಯಾಲೆ.”

ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು: “ಅವರು ಅಷ್ಟ ಕೈ ಮುಗದ್ರು. ಆ ಹುಡುಗ ಪಾಪ ಮುಂಜಾನಿಂದ ಹಂಗ ಮಲಗಿತ್ತು. ಬದುಕಿರೂ ಕೂಸಿನ ಮ್ಯಾಲೆ ನನ್ನ ನಾಲಿಗಿ ಹೊಳ್ಳಬಾರದು. ಗಾಳೆಪ್ಪ ಹೆಂಗೂ ಹೋದಾಂವ, ಅವಗ ಇನ್ನ ಏನ ತಟ್ಟತೈತಿ? ಕಣ್ಣ ಮುಚ್ಚಿ ಅಲ್ಲಿ ಅವನ್ನ ಮಲಗಿಸಿದೆ. ಹೆಸರಷ್ಟ ಬದಲ ಮಾಡಿದೆ. ಉಳದದ್ದೆಲ್ಲಾ ಹಂಗ ಬಂತು, ಕೆರ, ಎಣ್ಣಿ, ಎಲ್ಲಾ.”

“ಹನಮಂತವ್ವಗ ಗೊತ್ತೈತಿ?”

“ಹೊಳ್ಳಿ ಹೋಗಿ ಹೇಳ್ತೀನಿ. ಆಕಿಗೆ ತಿಳೀತೈತಿ. ಆಕಿಗಲ್ಲದ ಮತ್ಯಾರಿಗೆ ತಿಳೀಬೇಕು?”

ಬೆಂಗಳೂರಿನ ಆ ಸಭಾಭವನ ನಮ್ಮ ಗದಗಿನ ಸ್ಟೇಷನ್ನಿಗಿಂತ ದೊಡ್ಡದು. ಬಾಗಿಲಿನಿಂದ ಒಳಗಿನ ತನಕ ಕೆಂಪು ಜಮಖಾನೆ ಹಾಸಿದ್ದರು. ದೊಡ್ಡವ್ವ ಅಂಥದ್ದನ್ನು ಚಪ್ಪಲಿ ಕಾಲಲ್ಲಿ ತುಳಿಯುವುದೆಂತು ಎಂದು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಫೋಟೊದವರೆಲ್ಲ ಅದನ್ನೇ ತೆಗೆದರು, ಮರುದಿನ ಪೇಪರಿನಲ್ಲಿ ಅದೇ ಬಂತು. ಒಬ್ಬ ಹುಡುಗಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಓಡೋಡಿ ಬಂದು ನಮ್ಮನ್ನು ಕುರ್ಚಿಗೆ ಒಯ್ದಳು. ಕುರ್ಚಿಯ ಬೆನ್ನಿಗೆ ಅಮೃತವ್ವನ ಹೆಸರು ಅಂಟಿಸಿದ್ದರು.

“ಅಮ್ಮಾ, ನಿಮ್ಮ ಹೆಸರು ಕರೆದಾಗ ಕ್ಯಾಮೆರಾ ನಿಮ್ಮ ಮುಖದ ಮೇಲೆ ಇರುತ್ತೆ. ಬಹುಮಾನ ಬೇರೆಯವರಿಗೆ ಬಂದರೆ ನಗಬೇಕು, ಚಪ್ಪಾಳೆ ತಟ್ಟಬೇಕು. ಮುಖ ಸಣ್ಣ ಮಾಡಬಾರದು.”

“ನನಗ ಬಂದ್ರವಾ?”

“ಬಂದ್ರೆ ಅತ್ತರೂ ಪರವಾಗಿಲ್ಲ, ಚೆನ್ನಾಗಿ ಕಾಣುತ್ತೆ.”

ದೊಡ್ಡವ್ವ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು, “ಸೋತ್ರ ನಗಬೇಕಂತ, ಗೆದ್ರ ಅಳಬೇಕಂತ. ನಿಮ್ಮ ದೊಡ್ಡಪ್ಪಗ ಹೇಳಬೇಕು ಇದನ್ನ.”

ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ವಯಸ್ಸಾದ ನಟಿ ಇದ್ದರು, ಅವರೂ ಐದರಲ್ಲಿ ಒಬ್ಬರು. ಮುಖಕ್ಕೆ ಬಣ್ಣ ದಟ್ಟವಾಗಿತ್ತು, ಮಾತು ಮಾತ್ರ ಸಾದಾ. “ನಾನು ಎಷ್ಟೋ ವರ್ಷದಿಂದ ಬರ್ತಾ ಇದೀನಮ್ಮ. ಇವತ್ತಿನವರೆಗೂ ಮೇಲೆ ಹತ್ತಿಲ್ಲ. ಊಟ ಚೆನ್ನಾಗಿರುತ್ತೆ, ತಿಂದ್ಕೊಂಡು ಹೋಗಿ.”

ಬಹುಮಾನಗಳು ಒಂದರ ಹಿಂದೆ ಒಂದು ಬಂದವು. ಗೆದ್ದವರು ಓಡಿ ಹೋಗಿ ಹತ್ತುವರು, ಅಪ್ಪ ಅವ್ವರ ಹೆಸರು ಹೇಳುವರು, ಇಳಿಯುವರು. ಹೊಸ ನಟರ ಬಹುಮಾನಕ್ಕೆ ಕರೆದ ಹೆಸರು ಚಟ್ಟದ ಮೇಲೆ ಮಲಗಿದ್ದ ಆ ಹುಡುಗನದು. ಅವನು ಕೋಟು ಹಾಕಿಕೊಂಡು ಮೆಟ್ಟಿಲು ಹಾರಿ ಹಾರಿ ಹತ್ತಿದ. ದೊಡ್ಡವ್ವ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದಳು.

“ನೋಡ ತಮ್ಮಾ, ಅವಗ ಏನೂ ಆಗಿಲ್ಲ. ಮೈ ಕೈ ತುಂಬಿ ಛಲೋ ಅದಾನ. ಮೊದಲಿಗಿಂತ ಬೆಳ್ಳಗ ಆಗ್ಯಾನ.” ಕಣ್ಣು ಒರೆಸಿಕೊಂಡಳು. ನನ್ನ ಲೆಕ್ಕದಲ್ಲಿ ಅವಳ ಬಹುಮಾನ ಅಲ್ಲಿಗೇ ಬಂದುಬಿಟ್ಟಿತ್ತು.

ಆಮೇಲೆ ಪೋಷಕ ನಟಿಯರ ಸರದಿ. ಒಬ್ಬೊಬ್ಬರ ಹೆಸರು ಹೇಳಿ ಅವರ ಸಿನೆಮಾದ ಒಂದು ತುಂಡನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ದೊಡ್ಡವ್ವನದು ಕೊನೆಗೆ ಬಂತು. ಪರದೆಯ ತುಂಬ ಅವಳ ಮುಖ, ಭವನದ ತುಂಬ ಅವಳ ದನಿ. ಹೊಸಾ ಕೆರ ಇನ್ನಾ ಮೆತ್ತಗಾಗಿದ್ದಿಲ್ಲೋ. ನಾನು ಗಾಳೆಪ್ಪನ ಮನೆಯ ಹೊಸ್ತಿಲ ಹೊರಗೆ ನಿಂತು ಕೇಳಿದ ಅದೇ ಮಾತು. ಇಡೀ ಭವನ ಎದ್ದು ಚಪ್ಪಾಳೆ ಬಡಿಯಿತು. ಕೆಲವರು ಸೀಟಿ ಹೊಡೆದರು. ಅವರ ತಪ್ಪಲ್ಲ, ಅವರಿಗೇನು ಗೊತ್ತು. ದೊಡ್ಡವ್ವ ತಲೆ ತಗ್ಗಿಸಿ ಸೀರೆಯ ಅಂಚು ಹಿಡಿದು ಕುಳಿತಿದ್ದಳು.

ಬಹುಮಾನ ಅವಳಿಗೆ ಬರಲಿಲ್ಲ. ಒಬ್ಬ ಹರೆಯದ ನಟಿಗೆ ಬಂತು. ಕ್ಯಾಮೆರಾ ಮುಂದೆ ಬಂದಾಗ ದೊಡ್ಡವ್ವ ತನಗೆ ಹೇಳಿಕೊಟ್ಟಿದ್ದಂತೆ ನಕ್ಕಳು, ಚಪ್ಪಾಳೆ ಬಡಿದಳು. ಆ ಹುಡುಗಿ ಮೇಲೆ ನಿಂತು ಮಾತಾಡಲು ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಜನ ನೋಡುತ್ತ ಕುಳಿತರೇ ಹೊರತು ಯಾರೂ ಹತ್ತಿರ ಹೋಗಲಿಲ್ಲ. ಅಳುತ್ತಲೇ ಕೆಳಗೆ ಇಳಿದು ನಮ್ಮ ಸಾಲಿನ ಪಕ್ಕದಲ್ಲಿ ಬಂದಳು. ದೊಡ್ಡವ್ವನಿಗೆ ತಡೆಯಲು ಆಗಲಿಲ್ಲ. ಇಷ್ಟು ವರ್ಷದ ರೂಢಿ, ಎದುರಿಗೆ ಹೆಣ್ಣೊಂದು ಒಬ್ಬಳೇ ನಿಂತು ಅಳುತ್ತಿದ್ದರೆ ಸುಮ್ಮನೆ ಕುಳಿತುಕೊಳ್ಳುವುದು ಅವಳಿಗೆ ಗೊತ್ತಿಲ್ಲ. ಎದ್ದಳು, ಎರಡೂ ಕೈ ಚಾಚಿದಳು, ಕೊರಳು ಕೊಟ್ಟಳು. ಆ ಹುಡುಗಿ ಹನಮಂತವ್ವನ ಸೀರೆಯ ಮೇಲೆ ಮುಖ ಇಟ್ಟು ಅತ್ತಳು. ಎಲ್ಲ ಕ್ಯಾಮೆರಾಗಳೂ ಓಡಿ ಬಂದವು. ಸೋತವಳು ಗೆದ್ದವಳನ್ನು ಅಪ್ಪಿಕೊಂಡಳು ಎಂದು ಮೇಲಿನಿಂದ ಕೂಗಿ ಹೇಳಿದರು.

ಊರಿಗೆ ಬಂದ ಮೇಲೆ ದೊಡ್ಡವ್ವ ಹೇಳಲೇ ಇಲ್ಲ. ಹೇಳಲು ಹೊರಟಾಗಲೆಲ್ಲ ಹನಮಂತವ್ವ ಬೆಂಗಳೂರಿನ ಸುದ್ದಿ ಕೇಳುವಳು, ನಗುವಳು. ನಾನು ದಿನವೂ ಕೇಳಿದೆ, ಹೇಳಿದೆಯಾ ಎಂದು. ನಾಳೆ ಅಂದಳು. ರವಿವಾರ ಮಧ್ಯಾಹ್ನ ಟಿವಿಯಲ್ಲಿ ಸಮಾರಂಭ ತೋರಿಸುತ್ತಾರೆಂದು ಅರ್ಧ ಓಣಿ ದೊಡ್ಡವ್ವನ ಪಡಸಾಲೆಯಲ್ಲಿ ಸೇರಿತು. ಹನಮಂತವ್ವ ಎಲ್ಲರಿಗಿಂತ ಮುಂದೆ, ದೊಡ್ಡವ್ವನ ತೊಡೆಗೆ ತೊಡೆ ಹಚ್ಚಿ ಕುಳಿತಳು. “ನನ್ನ ಸೀರಿ ಬಂತು ನೋಡ್ರಿ, ನನ್ನ ಸೀರಿ,” ಎಂದು ಎಲ್ಲರನ್ನೂ ನಗಿಸಿದಳು.

ದೊಡ್ಡವ್ವ ಅವಳ ಕೈ ಹಿಡಿದು, “ಹನಮಂತಿ, ಏಳು, ಒಳಗ ಬಾ, ಒಂದು ಮಾತೈತಿ,” ಅಂದಳು.

“ತಡಿಯವಾ, ನಿಂದ ಈಗ ಬರತೈತಿ.”

ಬಂತು. ಮೊದಲ ಮಾತಿಗೇ ಹನಮಂತವ್ವನ ಕೈ ಸಡಿಲಾದದ್ದು ನನಗೆ ಕಂಡಿತು. ಕೆರ, ಎಣ್ಣೆ, ಹೊಸ್ತಿಲು. ಪಡಸಾಲೆಯಲ್ಲಿದ್ದವರೆಲ್ಲ ಆ ಮಾತನ್ನು ಆ ಮನೆಯಲ್ಲೇ ಕೇಳಿದವರು. ಟಿವಿಯಲ್ಲಿ ಚಪ್ಪಾಳೆ ಬಿತ್ತು, ಸೀಟಿ ಬಿತ್ತು. ದೊಡ್ಡಪ್ಪ ಒಬ್ಬನಿಗೇ ಏನೂ ಕೇಳಿಸದೆ, ಪರದೆಯಲ್ಲಿ ಜನ ಎದ್ದು ನಿಂತದ್ದನ್ನು ನೋಡಿ ತಾನೂ ಚಪ್ಪಾಳೆ ಬಡಿದ. ಆಮೇಲೆ ದೊಡ್ಡವ್ವ ಆ ಹುಡುಗಿಗೆ ಕೊರಳು ಕೊಟ್ಟದ್ದೂ ಬಂತು.

ಹನಮಂತವ್ವ ಮೆಲ್ಲಗೆ ಕೇಳಿದಳು. “ಆಕಿಗೆ ಯಾರ ಸತ್ತಿದ್ರು?”

ಅವಳು ಗೋಡೆ ಹಿಡಿದು ಎದ್ದು ಹೊರಗೆ ಹೋದಳು. ತನ್ನ ಬಾಗಿಲಲ್ಲಿ ನಿಂತು ತಂಬಿಗೆಯಿಂದ ಕಾಲಿಗೆ ನೀರು ಹಾಕಿಕೊಂಡು ಮನೆಯೊಳಗೆ ಹೋದಳು. ಸತ್ತ ಮನೆಯಿಂದ ಬಂದವರ ಹಾಗೆ.

ಸಂಜೆ ದೊಡ್ಡವ್ವ ಸೀರೆ ಮಡಿಚಿಕೊಂಡು ಅವಳ ಮನೆಗೆ ಹೋದಳು. ನಾನೂ ಹಿಂದೆ ಹೋದೆ. ಕಿರಿಯ ಮಗ ಮೌನೇಶ ಬಾಗಿಲಲ್ಲಿದ್ದ, ಸರಿದು ದಾರಿ ಬಿಟ್ಟ.

“ಜೀವ ಇರೂ ಹುಡುಗನ ಮ್ಯಾಲೆ ಹೆಂಗ ಅಳ್ಲಿ, ಹನಮಂತಿ. ನೀನ ಹೇಳು.”

“ಅದಕ ನನ್ನ ಮಗನ್ನ ಇನ್ನೊಮ್ಮೆ ಮಲಗಿಸಿದಿ.”

“ಅಂವ ನನಗೂ ಮಗನ ಆಗಿದ್ದ. ಟೊಂಕದ ಮ್ಯಾಲೆ ಹೊತ್ತು ಬೆಳಸೀನಿ.”

“ಹೊತ್ತಿ. ಹಡದಿದ್ರ ಗೊತ್ತಾಗತಿತ್ತು.”

ಮೌನೇಶ ತಾಯಿಗೆ, “ಅವ್ವಾ, ಸಾಕು ಬಿಡು,” ಅಂದ. ಅವಳು ಬಿಡಲಿಲ್ಲ. ದನಿ ಏರಿಸಲೂ ಇಲ್ಲ.

“ಆ ಅಳು ನಾ ನಿನ್ನ ಕೊಳ್ಳಾಗ ಇಟ್ಟಿದ್ದೆ. ಊರಿಗೂರು ಸೀಟಿ ಹೊಡೀತು. ಈ ಸೀರಿ ನೀನ ಇಟ್ಗೊ. ನಕ್ಕೋತ ಅಳಾಕಿ ಕಣ್ಣೀರು ಬಿದ್ದೈತಿ ಇದರ ಮ್ಯಾಲೆ, ನನಗ ಬ್ಯಾಡ.”

ನನಗೆ ಸಿಟ್ಟು ಬಂತು. ಅವಳು ಬೇಕೆಂದು ಮಾಡಿದ್ದೇನು, ಯಾರದೋ ಮಗ ಬದುಕಲಿ ಎಂದು ಮಾಡಿದ್ದಲ್ಲವೇ ಎಂದು ಕೂಗಾಡಿದೆ. ದೊಡ್ಡವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಎಳೆದುಕೊಂಡು ಬಂದಳು. “ಆಕಿ ಹೇಳಿದ್ದ ಖರೆ ಐತಿ ಬಿಡು. ಅಲ್ಲೆ ಬಿಟ್ಟು ಬರಬೇಕಾಗಿತ್ತು, ನಾ ಹೊತಗೊಂಡು ತಿರಗಿದೆ.”

ಅಂದಿನಿಂದ ಅವಳ ಮನೆಗೆ ಆಳು ಬರುವುದು ನಿಂತಿತು. ಯಾರೂ ಜಗಳ ತೆಗೆಯಲಿಲ್ಲ, ಕೆಟ್ಟ ಮಾತಾಡಲಿಲ್ಲ. ಕರೆಯಲಿಲ್ಲ, ಅಷ್ಟೇ. ಒಮ್ಮೆ ತಾನಾಗಿ ಒಂದು ಮಣ್ಣಿಗೆ ಹೋದಳು. ಅವಳು ಕೈ ಚಾಚಿದಾಗ ಆ ಮನೆಯ ಸೊಸೆ ಎದ್ದು ಒಳಗೆ ನೀರು ತರಲು ಹೋದಳು. ಇವಳ ಮುಂದೆ ಅತ್ತರೆ ತಮ್ಮ ಸತ್ತವರನ್ನು ಎಲ್ಲಿಗೆ ಒಯ್ಯುವಳೋ ಎಂಬ ಅಂಜಿಕೆ ಎಲ್ಲರಿಗೂ. ಬ್ಯಾನರ್ ಅನ್ನೂ ಯಾರ ಅಪ್ಪಣೆಯೂ ಇಲ್ಲದೆ ಯಾರೋ ಇಳಿಸಿದರು. ಆಮೇಲೆ ಅದು ಒಬ್ಬರ ಮೇವಿನ ಬಣವೆಯ ಮೇಲೆ ಹೊದಿಕೆಯಾಗಿ ಕಂಡಿತು, ಮುಖ ಒಳಗೆ ಮಾಡಿ ಹೊದಿಸಿದ್ದರು. ಸೋಮೇಶ ಊರ ಕಡೆ ಬರುವುದನ್ನು ಬಿಟ್ಟ. ಆ ಅಳುವನ್ನು ಸಿನೆಮಾದಿಂದ ತೆಗೆಯಿರಿ ಎಂದು ಕೇಳಲು ನಾನು ಮಾಡಿದರೆ ಡೈರೆಕ್ಟರ್ ಫೋನು ಎತ್ತುತ್ತಾನೆ, ನೋಡೋಣ ಅನ್ನುತ್ತಾನೆ. ಏನು ನೋಡುತ್ತಾನೆ? ಅವನ ಕೈಯಲ್ಲಾದರೂ ಏನಿದೆ?

ದೊಡ್ಡವ್ವ ದಿನಾ ಬೆಳಿಗ್ಗೆ ಎದುರು ಮನೆಯ ಅಂಗಳದ ಕಡೆ ಮುಖ ಮಾಡಿಯೇ ಕಸ ಹೊಡೆಯುತ್ತಿದ್ದಳು. ಹನಮಂತವ್ವ ಜೋಳ ಹಸನು ಮಾಡಲು ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ದೊಡ್ಡಪ್ಪನಿಗೆ ಎಲ್ಲ ಅರ್ಧ ತಿಳಿದಿತ್ತು. “ಇಬ್ಬರೂ ಮುದಿಕ್ಯಾರು ಹುಡುಗರಾಗೀರಿ,” ಎಂದು ನಕ್ಕು ನೋಡಿದ. ಇಬ್ಬರೂ ನಗಲಿಲ್ಲ.

ಹೋದ ಸುಗ್ಗಿಯಲ್ಲಿ ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತಲ್ಲೇ ಗೋಡೆಗೆ ಒರಗಿದ. ಬೆಳಗಿನ ಹೊತ್ತು, ಮಡಿಲಲ್ಲಿ ಎಲೆ ಅಡಿಕೆ ಚೀಲ ಹಾಗೆಯೇ ಇತ್ತು. ನಾನು ಹೋಗುವಷ್ಟರಲ್ಲಿ ನಮ್ಮ ರೂಢಿಯಂತೆ ಹೆಣವನ್ನು ಒಳಗೆ ತಂದು ಕೂರಿಸಿದ್ದರು. ದೊಡ್ಡವ್ವ ಪಕ್ಕದಲ್ಲಿ ಗೋಡೆಗೆ ಆನಿಕೊಂಡು ಕುಳಿತಿದ್ದಳು, ಎಷ್ಟೋ ಮನೆಗಳಲ್ಲಿ ತಾನು ಕಂಡ ಹೆಂಗಸರ ಹಾಗೆ. ನನ್ನ ಹೆಂಡತಿ ಮನೆಯವಳೇ ಆದಳು, ಅವಳು ಕೊರಳು ಕೊಡುವಂತಿಲ್ಲ. ಓಣಿಯ ಹೆಂಗಸರು ಬಂದರು, ಬಂದು ನಿಂತರು, ಒಬ್ಬರ ಮುಖ ಒಬ್ಬರು ನೋಡಿದರು. ಕಿಟಕಿಯ ಹತ್ತಿರ ಯಾರೋ ಒಬ್ಬಳು ಮೊಬೈಲ್ ಎತ್ತಿ ಹಿಡಿದದ್ದು ಕಂಡಿತು. ನಾನು ಎದ್ದು ಹೋಗಿ ಅದನ್ನು ಕಸಿದು ಹೊರಗೆ ಎಸೆದೆ. ಅದರಿಂದ ಏನೂ ಆಗಲಿಲ್ಲ. ಹೆಂಗಸರು ಇನ್ನೂ ಹಿಂದಕ್ಕೆ ಸರಿದರು.

ಆಗ ಹನಮಂತವ್ವ ಬಂದಳು.

ಎಲ್ಲರೂ ದಾರಿ ಬಿಟ್ಟರು. ದೊಡ್ಡವ್ವನ ಮುಖದಲ್ಲಿ ಜೀವ ಬಂತು. ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು, ಎರಡೂ ಕೈ ಚಾಚಿದಳು, ತುಟಿ ತೆರೆದಳು. ಮೊದಲ ಮಾತು ನಾಲಿಗೆಯ ಮೇಲೆ ಬಂದಿತ್ತು, ನನಗೆ ಗೊತ್ತು. ಹನಮಂತವ್ವ ಬಾಗಿ ದೊಡ್ಡಪ್ಪನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. “ಮಾವಾರ, ಹೇಳದ ಹೋದ್ರಿ,” ಅಂದಳು, ಅಷ್ಟೇ. ಎದ್ದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಚಾಚಿದ ಆ ಕೈಗಳ ಪಕ್ಕದಲ್ಲೇ ಹಾದು ಹೊರಗೆ ಹೋದಳು. ಅವಳು ಕೊಡದ ಕೊರಳನ್ನು ಇನ್ನು ಯಾರು ಕೊಡಬೇಕು? ದೊಡ್ಡವ್ವನ ಕೈ ಸ್ವಲ್ಪ ಹೊತ್ತು ಹಾಗೆಯೇ ಇದ್ದವು. ಆಮೇಲೆ ತಾವಾಗಿ ಕೆಳಗೆ ಬಂದವು.

ಭಜನೆಯವರು ಹೊತ್ತಿಗೆ ಮೊದಲೇ ತಾಳ ಹಿಡಿದರು, ಆ ಮೌನ ಅವರಿಗೂ ತಡೆಯದಾಗಿರಬೇಕು. ಊರಿಗೆಲ್ಲ ಅತ್ತವಳ ಗಂಡ ಒಂದು ಅಳುವಿಲ್ಲದೆ ಮಣ್ಣಿಗೆ ಹೋದ.

ಮಣ್ಣು ಕೊಟ್ಟು ಬಂದು ಬಾಗಿಲಲ್ಲಿ ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದೆ. ದೊಡ್ಡವ್ವ ಒಳಗಿನಿಂದ ಕರೆದಳು. ದೊಡ್ಡಪ್ಪ ಕೂರುತ್ತಿದ್ದ ಕಡೆ ನೋಡುತ್ತ ಕುಳಿತಿದ್ದಳು, ಕಣ್ಣು ಒಣಗಿದ್ದವು.

“ಸುಭಾಸ,” ಅಂದಳು, “ನಾ ಅತ್ತಿದ್ರೂ ಅವರಿಗೆ ಕೇಳಸ್ತಿದ್ದಿಲ್ಲ ಬಿಡು. ಕಿವಿ ಪೂರಾ ಹೋಗಿದ್ವು.”